ಮೂರನೆಯ ಕೂಗು

ಒಂದು ಊರಿನ ಹೊರಗೆ, ನಾಲೆಯ ಏರಿಯ ಮೇಲಿನ ಮಂಟಪದಲ್ಲಿ, ಸತ್ತೂ ಸಾಯದ ಮನುಷ್ಯನೊಬ್ಬ ವಾಸವಾಗಿದ್ದ. ಅವನಿಗೆ ದಿನಕ್ಕೆರಡು ಹೊತ್ತು ಮನೆಯಿಂದ ಮುದ್ದೆ ಹೋಗುತ್ತಿತ್ತು. ಅವನು ಉಣ್ಣುತ್ತಿದ್ದ, ಬೀಡಿ ಸೇದುತ್ತಿದ್ದ, ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ. ಆದರೆ ಆ ಊರಲ್ಲಿ ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಹೇಳುತ್ತಿರಲಿಲ್ಲ.

ನನ್ನ ಅಜ್ಜಿಯ ಕತೆಗಳಲ್ಲಾದರೆ ಇಂಥವನು ಕೊನೆಗೆ ರಾಜನಾಗುತ್ತಿದ್ದ, ಇಲ್ಲವೆ ಗಿಳಿಯಾಗಿ ಹಾರಿಹೋಗುತ್ತಿದ್ದ. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು. ಆದರೆ ಈ ಮನುಷ್ಯ ನನ್ನ ಅಪ್ಪ. ಅವನನ್ನು ಚಟ್ಟದ ಮೇಲೆ ಮಲಗಲು ಒಪ್ಪಿಸಿದವಳು ನಾನು.

ಮೈಸೂರಿನಿಂದ ಒಂದು ಕಾರು, ಒಂದು ವ್ಯಾನು ಮತ್ತು ಹನ್ನೊಂದು ಜನ ನಮ್ಮೂರಿಗೆ ಬಂದದ್ದು ಅರವತ್ತಾರನೆಯ ಇಸವಿಯ ಮಾಘದಲ್ಲಿ. ಕಬ್ಬು ಕಡಿದು ಗದ್ದೆಗಳೆಲ್ಲ ತರಗು ಹೊದ್ದು ಮಲಗಿದ್ದವು. ಪಾಲಹಳ್ಳಿಯಿಂದ ಒಂದೂವರೆ ಮೈಲಿ ಒಳಗಿರುವ ಊರು ನಮ್ಮದು. ಬಸ್ಸು ಅತ್ತಲೇ ತಿರುಗಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿಬಿಡುತ್ತದೆ. ಅಂಥ ಊರಿಗೆ ಕಾರು ಬಂದದ್ದು ನೋಡಿ ಅಂಗಡಿ ದ್ಯಾವಯ್ಯ, ಯಾರದೋ ಜೀವ ಹೋಗಿರಬೇಕು ಎಂದು ಬಾಗಿಲು ಅರ್ಧ ಹಾಕಿದನಂತೆ.

ಬಂದವರು ಸಿನಿಮಾದವರು. ಡೈರೆಕ್ಟರ್ ನಂಜಪ್ಪನವರಿಗೆ ಉದ್ದ ಕೈ, ಉದ್ದ ಮಾತು. ಅವರು ತೆಗೆಯುತ್ತಿದ್ದುದು ದೆವ್ವದ ಚಿತ್ರ, ಆದರೆ ನಗಿಸುವ ಚಿತ್ರ. "ನೋಡೋವ್ರು ಒಂದು ಕಣ್ಣು ಮುಚ್ಚಿಕೊಂಡು ಹೆದರ್ಬೇಕು, ಇನ್ನೊಂದು ಕಣ್ಣಲ್ಲಿ ನೀರು ಬರೋ ಹಾಗೆ ನಗ್ಬೇಕು," ಎನ್ನುತ್ತಿದ್ದರು. ಕತೆ ಇಷ್ಟೇ: ಚೆನ್ನಿಗಪ್ಪ ಎಂಬ ಜಿಪುಣ ಪಟೇಲ ಸಾಯುತ್ತಾನೆ, ಹೊತ್ತುಕೊಂಡು ಹೋಗುವಾಗ ಕಣಜದ ಬೀಗ ಹಾಕಿಲ್ಲವೆಂದು ನೆನಪಾಗಿ ಎದ್ದು ಕೂರುತ್ತಾನೆ. ಆಮೇಲೆ ಅವನು ಬದುಕಿದ್ದಾನೆಂದು ಎಷ್ಟು ಹೇಳಿದರೂ ಊರು ನಂಬುವುದಿಲ್ಲ.

ಅವರು ಊರಿಗೆ ಬಂದ ದಿನದಿಂದ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಜ್ಜಿ ಹೇಳಿದ್ದ ಅಷ್ಟೂ ದೆವ್ವಗಳು, ಬಾಲ ಕತ್ತರಿಸಿಕೊಂಡ ರಾಕ್ಷಸರು, ಕೆರೆ ದಂಡೆಯಲ್ಲಿ ತಲೆ ಬಾಚುವ ಹೆಂಗಸರು ವ್ಯಾನಿನಿಂದ ಒಬ್ಬೊಬ್ಬರಾಗಿ ಇಳಿಯುತ್ತಾರೆಂದು ನಾನು ಕಾಯುತ್ತಿದ್ದೆ. ಇಳಿದದ್ದು ಎರಡು ಪೆಟ್ಟಿಗೆ ಬಿಳಿ ಸೀರೆ ಮತ್ತು ಒಂದು ಸೀಮೆಎಣ್ಣೆ ಸ್ಟೌವು. ಆದರೂ ನನ್ನ ಆಸೆ ಇಳಿಯಲಿಲ್ಲ.

ತೊಂದರೆ ಶುರುವಾದದ್ದು ಚೆನ್ನಿಗಪ್ಪನ ಪಾತ್ರ ಮಾಡುವ ಹಾಸ್ಯನಟರಿಂದ. ಹೆಂಡತಿ ಬಸುರಿ, ಈಗ ಚಟ್ಟದ ಮೇಲೆ ಮಲಗುವುದಿಲ್ಲ ಎಂದು ಅವರು ಹಟ ಹಿಡಿದರು. ದೂರದಿಂದ ತೆಗೆಯುವುದಾದ್ದರಿಂದ ಬೇರೆ ಯಾರಾದರೂ ನಡೆಯುತ್ತದೆ, ಅದೇ ಹೊಟ್ಟೆ, ಅದೇ ಮೀಸೆ ಇರಬೇಕು ಎಂದರು ನಂಜಪ್ಪ. ಊರ ಐದು ಜನ ಗಂಡಸರನ್ನು ಕಟ್ಟೆಯ ಮೇಲೆ ಮಲಗಿಸಿ ನೋಡಿದರು. ಒಬ್ಬೊಬ್ಬನೂ ಕಿಸಕ್ಕನೆ ನಕ್ಕ. ನಾನು ಹಿಂದಿನಿಂದ ಹೇಳಿದೆ: "ನಮ್ಮಪ್ಪ ಉಸಿರು ಕಟ್ಕೊಂಡು ಎಷ್ಟು ಹೊತ್ತು ಬೇಕಾದ್ರೂ ಇರ್ತಾರೆ. ನಾಲೇಲಿ ಮುಳುಗಿದ್ರೆ ನಾವೇ ಹೆದರ್ಕೋತೀವಿ."

ಅಪ್ಪ ಒಪ್ಪಿರಲಿಲ್ಲ. "ಥೂ, ಯಾವೋನು ಮನಿಕ್ಕತಾನೆ ಅದ್ರ ಮ್ಯಾಲೆ," ಎಂದ. ನಾನು ಮೂರು ದಿನ ಅವನ ಹಿಂದೆ ಗದ್ದೆಗೂ ಹೋದೆ, ಕೊಟ್ಟಿಗೆಗೂ ಹೋದೆ. ಶ್ರೀರಂಗಪಟ್ಟಣದ ಟೆಂಟಿನಲ್ಲಿ ಪರದೆಯ ಮೇಲೆ ನೀನು ಎದ್ದು ಕೂತಾಗ ಜನ ಬೆಂಚು ಬಿಟ್ಟು ಓಡುತ್ತಾರೆ ನೋಡು ಎಂದೆ. ಆ ಮಾತಿಗೆ ಅವನು ಬಿದ್ದ.

ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಊರಿಗೂ ಸುಡುಗಾಡಿಗೂ ನಡುವೆ, ನಾಲೆಯ ಪಕ್ಕ, ಒಂದು ಚಪ್ಪಟೆ ಕಲ್ಲಿದೆ. ಹೊತ್ತವರು ಅಲ್ಲಿ ಚಟ್ಟ ಇಳಿಸುತ್ತಾರೆ. ಚಟ್ಟ ಕಟ್ಟಿದವನು ಬಗ್ಗಿ ಸತ್ತವನ ಕಿವಿಯಲ್ಲಿ ಅವನ ಹೆಸರು ಹಿಡಿದು ಮೂರು ಸಲ ಕೂಗುತ್ತಾನೆ. ಜೀವ ಎಲ್ಲಾದರೂ ಮೂಲೆಯಲ್ಲಿ ಉಳಿದಿದ್ದರೆ ಓಗೊಡಲಿ ಎಂದು. ಮೂರಕ್ಕೂ ಓಗೊಡದಿದ್ದರೆ ಚಟ್ಟ ತಿರುಗಿಸಿ ಮುಂದೆ ನಡೆಯುತ್ತಾರೆ. ಅಲ್ಲಿಂದಾಚೆಗೆ ಹಿಂದಿರುಗಿ ನೋಡುವಂತಿಲ್ಲ. ಇದನ್ನು ನನ್ನ ಅಜ್ಜಿ ಲಕ್ಷ್ಮಿದೇವಮ್ಮ ನಂಜಪ್ಪನವರಿಗೆ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದಳು. ಅವರು ತೊಡೆ ತಟ್ಟಿಕೊಂಡರು. "ಮೂರನೇ ಕೂಗಿಗೆ ಎದ್ದು ಕೂರ್ತಾನೆ. ಇದೇ ಇಂಟರ್ವಲ್ಲು," ಎಂದರು. ಅಜ್ಜಿ ತನ್ನ ಕತೆ ಸಿನಿಮಾಕ್ಕೆ ಹೋಯಿತೆಂದು ಎರಡು ದಿನ ಬೀಗಿದಳು.

ಚಟ್ಟ ಕಟ್ಟಲು ಚಿಕ್ಕಸಿದ್ದಯ್ಯನನ್ನೇ ಕರೆದರು. ಊರಿನ ಎಲ್ಲರ ಚಟ್ಟವನ್ನೂ ಅವನೇ ಕಟ್ಟುವವನು, ಅವನೇ ಕೂಗುವವನು. ಅರವತ್ತು ದಾಟಿದ, ಮಾತು ಕಡಿಮೆಯ ಮುದುಕ. ಸುಮ್ಮನೆ ತೋರಿಕೆಗೆ ಕಟ್ಟಿದರೆ ಸಾಕು ಎಂದು ನಂಜಪ್ಪ ಹೇಳಿದಾಗ ಅವನು, "ಸಡ್ಲ ಕಟ್ಟಾದು ನಂಗೆ ಬರಕಿಲ್ಲ ಸ್ವಾಮಿ," ಎಂದು ಹಸಿ ಬಿದಿರು ಕಡಿದು ಏಳು ಗಂಟು ಹಾಕಿ ಬಿಗಿದ.

ಶೂಟಿಂಗು ನಡುಮಧ್ಯಾಹ್ನ. ಸಿನಿಮಾದಲ್ಲಿ ಅದು ಅಮಾವಾಸ್ಯೆಯ ರಾತ್ರಿಯಂತೆ. ಕ್ಯಾಮೆರಾದ ತಮ್ಮಯ್ಯನವರು ಮಸೂರದ ಮುಂದೆ ಒಂದು ಕೆಂಪು ಗಾಜು ಸಿಕ್ಕಿಸಿ, ಬಿಸಿಲು ಎಷ್ಟು ಚುರುಕಾಗಿರುತ್ತದೋ ಬೆಳದಿಂಗಳು ಅಷ್ಟು ಚೆನ್ನಾಗಿ ಬರುತ್ತದೆ ಎಂದರು. "ಅಮಾಸೆ ದಿನ ಬೆಳ್ದಿಂಗ್ಳು ಎಲ್ಲಿಂದ ಬತ್ತದೆ?" ಎಂದು ದ್ಯಾವಯ್ಯ ಕೇಳಿದ. ನಾಲ್ವರು ಹೊತ್ತರು. ತಮಟೆ ಬಡಿದರು. ಊರ ಹೆಂಗಸರು ಕಲ್ಲಿನವರೆಗೆ ಬಂದೆವು. ನಾನು ನಗುವನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ.

ಕಲ್ಲಿನ ಮೇಲೆ ಇಳಿಸಿದರು. ಚಿಕ್ಕಸಿದ್ದಯ್ಯ ಬಗ್ಗಿ ಕೂಗಿದ: "ಅಂದಾನೀ."

ಚೆನ್ನಿಗಪ್ಪ ಎನ್ನಬೇಕಿತ್ತು. ಎರಡು ದಿನ ಹೇಳಿಕೊಟ್ಟಿದ್ದರು. ಆದರೆ ಆ ಕಲ್ಲಿನ ಬಳಿ ಬಗ್ಗಿದಾಗ ಮಲಗಿದವನ ಹೆಸರೇ ಅವನ ಬಾಯಿಗೆ ಬರುವುದು. ನಲವತ್ತು ವರ್ಷದ ಅಭ್ಯಾಸ. ನನ್ನ ಅಪ್ಪನ ಹೆಸರು ಅಂದಾನಯ್ಯ.

ಅಪ್ಪ ಮಿಸುಕಲಿಲ್ಲ. ಮೂರನೆಯದಕ್ಕೆ ಏಳಬೇಕೆಂದು ಅವನಿಗೆ ಹೇಳಿದ್ದರಲ್ಲ. ಪಕ್ಕದಲ್ಲಿದ್ದ ಅಜ್ಜಿಯ ಕೈ ನನ್ನ ತೋಳು ಹಿಡಿದುಕೊಂಡಿತು. "ಏನಂದ ಅವ್ನು?" ಎಂದಳು. ನಾನು ಡೈರೆಕ್ಟರ ಕಡೆ ನೋಡಿದೆ. ಅವರು ತಲೆಯಲ್ಲಾಡಿಸುತ್ತ, "ನಡೀಲಿ, ನಡೀಲಿ. ಧ್ವನಿ ಆಮೇಲೆ ಮೈಸೂರಲ್ಲಿ ಹಾಕ್ತೀವಿ, ಏನು ಕೂಗಿದ್ರೂ ಒಂದೇ," ಎಂದರು.

"ಅಂದಾನೀ." ಎರಡನೆಯದು.

ಆಗ ತಮ್ಮಯ್ಯನವರು ಕೈ ಎತ್ತಿದರು. ಫಿಲ್ಮು ಮುಗಿದಿತ್ತು.

ವ್ಯಾನಿನಲ್ಲೂ ಇರಲಿಲ್ಲ. ಆ ಕಾಲದಲ್ಲಿ ಫಿಲ್ಮು ಪರ್ಮಿಟ್ಟಿನ ಮೇಲೆ ಸಿಕ್ಕುತ್ತಿತ್ತು, ಸೀಮೆಎಣ್ಣೆಯ ಹಾಗೆ. ನಂಜಪ್ಪನವರು ಮದ್ರಾಸಿಗೆ ಹೋಗಿ ತರುತ್ತೇನೆಂದರು. "ಮೂರು ದಿನ. ನಾಲ್ಕನೇ ದಿನ ಇದೇ ಹೊತ್ತಿಗೆ ಬಂದು ನಿಮ್ಮ ಯಜಮಾನರನ್ನ ಎಬ್ಬಿಸ್ತೀನಿ," ಎಂದು ಅವ್ವನಿಗೆ ಮಾತು ಕೊಟ್ಟು ಕಾರು ಹತ್ತಿದರು, ಕ್ಯಾಮೆರಾ ಹೊತ್ತ ವ್ಯಾನೂ ಅದರ ಹಿಂದೆ ಹೊರಟಿತು. ಧೂಳು ಅಡಗುವ ಹೊತ್ತಿಗೆ ಅಪ್ಪ ತಾನೇ ಎದ್ದು ಕೂತು ಬಿದಿರು ಒತ್ತಿದ ಬೆನ್ನನ್ನು ಉಜ್ಜಿಕೊಳ್ಳುತ್ತಿದ್ದ. "ಮುಗೀತಾ? ನಡೀರಿ, ಹಸಿವು," ಎಂದು ಮನೆಯ ಕಡೆ ಹೆಜ್ಜೆ ಹಾಕಿದ.

ಅಜ್ಜಿ ದಾರಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕ ಮಗಾ. ಎರಡು ಕೂಗು ಆಗ್ಬುಟ್ಟದೆ ನಿನ್ ಮ್ಯಾಲೆ."

"ಅದು ಸಿನ್ಮಾ ಕಣವ್ವ."

"ಸಿನ್ಮಾದ ಹೆಸ್ರು ಕೂಗಿದ್ರೆ ಸಿನ್ಮಾ. ನಾನು ಇಟ್ಟ ಹೆಸ್ರು ಕೂಗವ್ನೆ ಆ ಮುದ್ಕ. ಎರಡ್ಕೂ ನೀನು ಓ ಅನ್ನಲಿಲ್ಲ. ಇನ್ನೊಂದು ಬಾಕಿ ಇಟ್ಕೊಂಡು ಊರೊಳಕ್ಕೆ ಕಾಲಿಡಬ್ಯಾಡ."

ಸರಿ, ಮೂರನೆಯದನ್ನೂ ಈಗಲೇ ಕೂಗಿ ಮುಗಿಸಿಬಿಡಿ, ನಾನು ಓ ಎನ್ನುತ್ತೇನೆ ಎಂದು ಅಪ್ಪ ನಗುತ್ತ ಮತ್ತೆ ಚಟ್ಟದ ಮೇಲೆ ಕೂತ. ಎಲ್ಲರೂ ಚಿಕ್ಕಸಿದ್ದಯ್ಯನ ಮುಖ ನೋಡಿದರು. ಅವನು ಬೆವರಿದ್ದ. ತನ್ನ ತಪ್ಪು ಅವನಿಗೆ ಆಗಷ್ಟೇ ಹೊಳೆದಿತ್ತು.

"ಕೂಗು ಅಂದ್ರೆ ಕೂಗ್ತೀನಿ," ಎಂದ ಅವನು. "ಆದ್ರೆ ಒಂದು ಮಾತು. ನಲ್ವತ್ತು ವರ್ಸದಿಂದ ಕೂಗ್ತಾ ಇವ್ನಿ. ನನ್ ಮೂರ್ನೇ ಕೂಗಿಗೆ ಇದುವರ್ಗೂ ಒಬ್ಬ ಎದ್ದಿಲ್ಲ. ಎದ್ದೇಳಾದು ಆ ಡೈರೆಕ್ಟ್ರ ಕತೇಲಿ. ಅವ್ರ ಆ ಕ್ಯಾಮ್ರಾ ಪೆಟ್ಗೆ ಮುಂದೆ ಕೂಗಿದ್ರೆ ಅದು ಅವ್ರ ಕತೆ. ಪೆಟ್ಗೆ ಇಲ್ದೆ ಕೂಗಿದ್ರೆ ಅದು ನನ್ ಕತೆ ಆಯ್ತದೆ."

ಅಪ್ಪ ಚಟ್ಟದಿಂದ ಮೆಲ್ಲಗೆ ಇಳಿದ.

ಹಾಗೆ ಅವನು ಮಂಟಪದ ವಾಸಿಯಾದ. ಮೂರು ದಿನ ತಾನೆ ಎಂದು ಮೊದಲು ತಮಾಷೆಯಾಗಿಯೇ ಇತ್ತು. ಅವನ ಹೆಸರು ಯಾರಾದರೂ ಬಾಯಿ ತಪ್ಪಿ ಹೇಳಿದರೆ ಅದೇ ಮೂರನೆಯ ಕೂಗಾಗಬಹುದೆಂದು ಊರು ಊರೇ ಎಚ್ಚರ ವಹಿಸಿತು. ದ್ಯಾವಯ್ಯ ಬೀಡಿ ಕಟ್ಟನ್ನು ಕಲ್ಲಿನ ಮೇಲಿಟ್ಟು ಹತ್ತು ಮಾರು ದೂರ ನಿಂತು, "ಲೋ ಸ್ವರ್ಗಸ್ಥ, ಬೆಂಕಿಪೊಟ್ಣ ಅದಾ, ಇಲ್ಲಾ ಅಲ್ಲೇ ಎಲ್ಲಾದ್ರೂ ಬೆಂಕಿ ಸಿಕ್ತದಾ?" ಎನ್ನುತ್ತಿದ್ದ. ಅಪ್ಪ ಬೈಯುತ್ತಿದ್ದ. ಹೊತ್ತ ನಾಲ್ವರು ಸಂಜೆಗೆ ಇಸ್ಪೀಟು ಹಿಡಿದು ಬರುತ್ತಿದ್ದರು. ಆದರೆ ಅವನ ಕೈಯಿಂದ ಎಲೆ ಈಸಿಕೊಳ್ಳುತ್ತಿರಲಿಲ್ಲ, ಕೆಳಗೆ ಹಾಕು ಎನ್ನುತ್ತಿದ್ದರು.

ನಾಲ್ಕನೆಯ ದಿನ ಬಿಸಿಲೇರುವ ಮೊದಲೇ ಅಪ್ಪ ಮುಖ ತೊಳೆದು ಬಿಳಿ ಪಂಚೆಯುಟ್ಟು ಕಲ್ಲಿನ ಬಳಿ ಕೂತ. ಕಾರು ಬರಲಿಲ್ಲ. ಐದನೆಯ ದಿನವೂ ಬರಲಿಲ್ಲ. ಆರನೆಯ ದಿನ ಇಸ್ಪೀಟಿನವರೂ ಬರಲಿಲ್ಲ.

ಮನೆಯಲ್ಲಿ ಅವ್ವ ಬೆಳಿಗ್ಗೆ ಕನ್ನಡಿಯ ಮುಂದೆ ಕುಂಕುಮದ ಭರಣಿ ಹಿಡಿದು ಕೂತರೆ ಏಳುತ್ತಲೇ ಇರಲಿಲ್ಲ. ಆಮೇಲೆ ದಿನಕ್ಕಿಂತ ಎರಡರಷ್ಟು ದೊಡ್ಡದಾಗಿ ಇಟ್ಟುಕೊಂಡು ಹೊರಗೆ ಬರುತ್ತಿದ್ದಳು. ಬಾವಿಯ ಹತ್ತಿರ ಹೆಂಗಸರು ಅವಳ ಹಣೆಯನ್ನು ನೋಡಿ ಕೊಡಕ್ಕೆ ಕಣ್ಣಿಳಿಸುತ್ತಿದ್ದರು. ಅಜ್ಜಿ ಕತೆ ಹೇಳುವುದನ್ನೇ ಬಿಟ್ಟಿದ್ದಳು. ಬೆರಳು ಮಡಿಸುತ್ತ ಏನನ್ನೋ ಎಣಿಸುತ್ತಿದ್ದಳು. ಏನು ಎಂದು ಕೇಳಿದೆ.

"ಹೊತ್ತ ದಿನದಿಂದ ಇವತ್ತಿಗೆ ಏಳು. ಹನ್ನೊಂದ್ಕೆ ತಿಥಿ. ಹನ್ನೊಂದು ದಾಟಿದ್ರೆ ಅವ್ನನ್ನ ಯಾವ ಲೆಕ್ಕಕ್ಕೆ ಸೇರಿಸ್ಬೇಕು ಅನ್ನಾದು ನಂಗೊತ್ತಿಲ್ಲ ಕಣ್ ಇಂದ್ರಾ. ನಂಗೆ ಗೊತ್ತಿರಾ ಕತೇಲಿ ಯಾವುದ್ರಲ್ಲೂ ಇದಿಲ್ಲ."

ಅಜ್ಜಿಗೆ ಗೊತ್ತಿಲ್ಲದ ಕತೆಯಿದೆ ಎಂಬುದು ನನಗೆ ಅಂದೇ ತಿಳಿದದ್ದು.

ಅಂದು ಬುತ್ತಿ ತೆಗೆದುಕೊಂಡು ಹೋದಾಗ ಅಪ್ಪ ಮಂಟಪದ ಹೊರಗೆ ಬಿಸಿಲಿಗೆ ನಿಂತು ಕಾಲಡಿ ನೋಡುತ್ತಿದ್ದ. "ಇಂದ್ರಾ, ನನ್ ನೆರಳು ಬಿದ್ದದಾ ನೋಡವ್ವ," ಎಂದ. ಬಿದ್ದಿದೆ ಎಂದೆ. "ನಂಗೂ ಕಾಣ್ತದೆ. ಆದ್ರೂ ನೀನು ನೋಡು." ಮುದ್ದೆ ಮುರಿದ, ನುಂಗಲಿಲ್ಲ. ಹೊಟ್ಟೆ ಇಳಿದು ಹೋಗಿತ್ತು, ಗಡ್ಡ ಬೆಳ್ಳಗೆ ಮೂಡಿತ್ತು.

ಎಂಟನೆಯ ದಿನ ನಾನು ಏರಿಯ ಕೆಳಗಿನಿಂದಲೇ ಅಪ್ಪಾ ಎಂದು ಕರೆದೆ. ಅವನು ಎಚ್ಚರವಾಗಿದ್ದ, ಕಣ್ಣು ಬಿಟ್ಟುಕೊಂಡೇ ನಾಲೆಯ ನೀರು ನೋಡುತ್ತಿದ್ದ. ತಿರುಗಲಿಲ್ಲ. ಹತ್ತಿರ ಹೋಗಿ ಮತ್ತೆ ಕರೆದೆ. ಆಗ ನಿಧಾನಕ್ಕೆ ತಲೆಯೆತ್ತಿದ. "ಕೇಳುಸ್ತು. ಯಾಕೋ ಬಾಯ್ ಬರ್ಲಿಲ್ಲ," ಎಂದ.

ನಾನು ಅವನ ಮೊಣಕಾಲು ಮುಟ್ಟಿ ಹೇಳಿದೆ: "ಆ ಪೆಟ್ಟಿಗೆ ತತ್ತೀನಿ. ಅದ್ರ ಮುಂದೆ ಕೂಗುಸ್ತೀನಿ. ಹನ್ನೊಂದ್ರೊಳ್ಗೆ ನಿನ್ನ ಮನೆಗೆ ಕರ್ಕೊಂಡು ಹೋಗ್ತೀನಿ, ನಾನೇ."

"ನೀನಾ," ಎಂದ ಅಪ್ಪ, ನಗು ಬರಿಸಿಕೊಳ್ಳಲು ನೋಡುತ್ತ. "ಮನಗ್ಸಿದೋಳೂ ನೀನೇ ಅಲ್ವಾ."

ಒಂಬತ್ತನೆಯ ದಿನ ಬೆಳಿಗ್ಗೆ ಪಾಲಹಳ್ಳಿಗೆ ನಡೆದು ಬಸ್ಸು ಹಿಡಿದೆ. ಸಿನಿಮಾದವರು ಗಂಜಾಂನ ಒಂದು ಛತ್ರದಲ್ಲಿ ಇಳಿದುಕೊಂಡಿದ್ದಾರೆಂದು ಮಾತ್ರ ಗೊತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಇಳಿದು, ಕೋಟೆಯ ಗೋಡೆ ದಾಟಿ, ನಿಮಿಷಾಂಬೆಯ ಗುಡಿಗೆ ಹೋಗುವವರ ಹಿಂದೆ ನಡೆದೆ. ಛತ್ರದ ಅಂಗಳದಲ್ಲಿ ಕಾರೂ ಇರಲಿಲ್ಲ, ವ್ಯಾನೂ ಇರಲಿಲ್ಲ. ದೆವ್ವದ ಬಿಳಿ ಸೀರೆಗಳನ್ನು ಯಾರೋ ಒಗೆದು ಹಗ್ಗಕ್ಕೆ ಹಾಕಿದ್ದರು. ಜಗುಲಿಯ ಮೇಲೆ ತಮ್ಮಯ್ಯನವರು ಒಬ್ಬರೇ ಕ್ಯಾಮೆರಾ ಬಿಚ್ಚಿ ಕುಂಚದಲ್ಲಿ ಧೂಳು ತೆಗೆಯುತ್ತಿದ್ದರು.

"ಡೈರೆಕ್ಟರು?" ಎಂದೆ.

"ಮದ್ರಾಸಲ್ಲಿ. ಮೊನ್ನೆ ಒಂದು ಕಾಗದ ಬಂತು. ಇನ್ನೊಂದು ತಿಂಗಳಾಗ್ಬಹುದು, ಎರಡಾಗ್ಬಹುದು. ಆ ಹೊಟ್ಟೆಯ ಹಾಸ್ಯನಟರು ಬೇರೆ ಚಿತ್ರಕ್ಕೆ ಹೋದ್ರು." ನನ್ನನ್ನು ಗುರುತು ಹಿಡಿದು ನಕ್ಕರು. "ನಿಮ್ಮ ತಂದೆ ಚೆನ್ನಾಗಿ ಸತ್ತಿದ್ರು ಕಣಮ್ಮ. ಹೇಗಿದ್ದಾರೆ?"

ನಾನು ಹೇಳಿದೆ. ಮೊದಲು ಅವರು ನಗುತ್ತಲೇ ಕೇಳಿದರು. ಇದೇ ಸಿನಿಮಾ ಮಾಡಬೇಕಿತ್ತಲ್ಲ ಎಂದರು. ಅಪ್ಪ ನೆರಳು ನೋಡಿಸಿದ್ದನ್ನು ಹೇಳುವ ಹೊತ್ತಿಗೆ ಕುಂಚ ಕೆಳಗಿಟ್ಟಿದ್ದರು.

"ಕ್ಯಾಮೆರಾ ತಂದು ಸುಮ್ಮನೆ ಓಡಿಸಿದ್ರೆ ಸಾಕಲ್ವೇನಮ್ಮ? ಫಿಲ್ಮು ಇದೆಯೋ ಇಲ್ವೋ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ," ಎಂದೆ. "ನಮ್ಮಪ್ಪ ನನ್ನ ಮುಖ ನೋಡಿ ಕಂಡುಹಿಡೀತಾರೆ."

ಅವರು ಒಮ್ಮೆ ಹೊಳೆಯ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಕಪ್ಪು ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಡಬ್ಬಿ ತಂದರು. ನಲವತ್ತು ಅಡಿ ಫಿಲ್ಮು. ಹಳೆಯ ರೀಲೊಂದರಲ್ಲಿ ಮಿಕ್ಕಿದ ತುಂಡು. ಗುಡಿಯ ಹಿಂದಿನ ಕಾವೇರಿಯ ಮೇಲೆ ಸೂರ್ಯ ಮುಳುಗುವುದನ್ನು ತೆಗೆದು, ಅದರ ಮೇಲೆ 'ಶುಭಂ' ಎಂದು ಬರೆಯಲು ಯಾರಿಗೂ ಹೇಳದೆ ಉಳಿಸಿಕೊಂಡಿದ್ದರಂತೆ.

"ಸಿನಿಮಾನೇ ಮುಗೀದಿದ್ರೆ ಶುಭಂ ಎಲ್ಲಿ ಹಾಕೋದು," ಎಂದು ತಮಗೆ ತಾವೇ ಹೇಳಿಕೊಂಡರು. "ನೋಡಮ್ಮ, ನಲವತ್ತು ಅಡಿ ಅಂದ್ರೆ ಇಪ್ಪತ್ತೈದು ಎಣಿಸೋವಷ್ಟು ಹೊತ್ತು. ಅಷ್ಟರಲ್ಲಿ ಏಳ್ಬೇಕು. ಇನ್ನೊಂದು ಸಲ ಅನ್ನೋದಿಲ್ಲ. ಮತ್ತೆ ಬಿಸಿಲು ಬೇಕು. ಮೋಡ ಇದ್ರೆ ಹಳೇ ಶಾಟಿಗೆ ಕೂಡೋದಿಲ್ಲ, ತೆಗೆಯೋಕ್ಕಾಗಲ್ಲ. ಆಮೇಲೆ, ಗಡ್ಡ ತೆಗೆಸು. ಹೆಣಕ್ಕೆ ಒಂದೇ ನಿಮಿಷದಲ್ಲಿ ಗಡ್ಡ ಬೆಳೆಯಲ್ಲ."

ಹತ್ತನೆಯ ದಿನ ಹೊತ್ತಾರೆ ತಮ್ಮಯ್ಯನವರು ಬಾಡಿಗೆ ಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಬಂದರು. ಆಕಾಶದ ತುಂಬ ಮೋಡವಿತ್ತು. ಮಾಘದಲ್ಲಿ ಎಲ್ಲಿಂದ ಬಂತೋ, ಬೂದಿ ಎರಚಿದ ಹಾಗೆ ಕವಿದಿತ್ತು.

ಕರಿಯಯ್ಯ ಕ್ಷೌರದ ಪೆಟ್ಟಿಗೆ ಹಿಡಿದು ಮಂಟಪದ ಮೆಟ್ಟಿಲಲ್ಲೇ ನಿಂತ. "ಇದು ಬದುಕಿರೋರ್ಗೆ ಮಾಡಾ ಕ್ಷೌರನಾ, ಮತ್ತೊಂದಾ? ಮೊದ್ಲೇ ಹೇಳ್ಬುಡಿ. ಕತ್ತಿ ಬ್ಯಾರೆ ಬ್ಯಾರೆ." ದ್ಯಾವಯ್ಯ, "ಮದ್ವೆ ಕ್ಷೌರ ಅಂದ್ಕೊಂಡು ಮಾಡ್ಲಾ," ಎಂದ. ಅಪ್ಪ ಕೆನ್ನೆ ಕೊಟ್ಟು ಕೂತ. ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಚಿಕ್ಕಸಿದ್ದಯ್ಯ ಹಳೆಯ ಚಟ್ಟದ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಬಿದಿರು ಒಣಗಿ ಹಳದಿಯಾಗಿತ್ತು. ಅಪ್ಪನನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಹೊತ್ತವರು ನಾಲ್ವರೂ ತಮ್ಮ ತಮ್ಮ ಮೂಲೆಯಲ್ಲಿ ನಿಂತರು. ತಮ್ಮಯ್ಯನವರು ಮೇಲೆ ನೋಡಿ ಬೇಡ ಎಂಬಂತೆ ಕೈಯಾಡಿಸಿದರು.

ಕಾದೆವು. ಮಧ್ಯಾಹ್ನವಾಯಿತು. ಅಪ್ಪನನ್ನು ಒಂದು ಸಲ ಎಬ್ಬಿಸಿ ನೀರು ಕೊಡೋಣ ಎಂದರೆ ಅಜ್ಜಿ ಒಪ್ಪಲಿಲ್ಲ. ಕೂಗದೆ ಇನ್ನೊಂದು ಸಲ ಏಳಬಾರದಂತೆ. ಅವನೂ ಏಳಲು ಕೇಳಲಿಲ್ಲ. ಹೊದಿಕೆಯ ಕೆಳಗೆ ಎದೆ ಏರಿಳಿಯುತ್ತಿದೆಯೇ ಎಂದು ನಾನು ನೋಡುತ್ತಿದ್ದೆ. ಕಾಣುತ್ತಿರಲಿಲ್ಲ. ಉಸಿರು ಕಟ್ಟುವುದರಲ್ಲಿ ಅವನು ಗಟ್ಟಿಗ ಎಂದು ಊರಿಗೆಲ್ಲ ಹೇಳಿದವಳು ನಾನೇ. ಇನ್ನೊಂದು ಗಳಿಗೆ ನೋಡಿ, ಕಾಣದಿದ್ದರೆ ಬಟ್ಟೆ ಎಳೆದುಬಿಡುತ್ತೇನೆ ಎಂದುಕೊಂಡೆ. ಎಳೆದರೆ ಎಲ್ಲವೂ ಮೊದಲಿನಿಂದ. ನಾಳೆ ಹನ್ನೊಂದು.

ಮೂರು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಹರಿಯಿತು. ಮೊದಲು ನಾಲೆಯ ನೀರು ಹೊಳೆಯಿತು, ಆಮೇಲೆ ಕಲ್ಲು. ತಮ್ಮಯ್ಯನವರು ಕೆಂಪು ಗಾಜು ಸಿಕ್ಕಿಸಿದರು. "ಈಗ," ಎಂದರು. ಕ್ಯಾಮೆರಾ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ನಾನು ಎಣಿಸತೊಡಗಿದೆ. ಒಂದು. ಎರಡು.

ನಾಲ್ಕಕ್ಕೆ ಚಿಕ್ಕಸಿದ್ದಯ್ಯ ಬಗ್ಗಿದ. ಆರಕ್ಕೆ ಕೂಗಿದ: "ಅಂದಾನೀ."

ಏಳು. ಎಂಟು. ಬಟ್ಟೆ ಅಲುಗಲಿಲ್ಲ. ಹತ್ತು. ಹೊತ್ತವರಲ್ಲಿ ಒಬ್ಬ ಬಾಯಿ ಮೇಲೆ ಕೈಯಿಟ್ಟುಕೊಂಡ. ಹದಿಮೂರು. ಚಿಕ್ಕಸಿದ್ದಯ್ಯ ಬಗ್ಗಿದವನು ಬಗ್ಗಿಯೇ ಇದ್ದ. ನಾಲ್ಕನೆಯ ಸಲ ಕೂಗುವುದು ಅವನ ಬದುಕಿನಲ್ಲಿ ಇರಲಿಲ್ಲ. ಹದಿನೆಂಟು. ಅಜ್ಜಿ ನೆಲಕ್ಕೆ ಕೂತಳು. ಇಪ್ಪತ್ತೆರಡು. ಇಪ್ಪತ್ತನಾಲ್ಕು.

ಇಪ್ಪತ್ತಾರಕ್ಕೆ ಕ್ಯಾಮೆರಾದ ಸದ್ದು ಬದಲಾಯಿತು. ಗುಂಯ್ ಎನ್ನುವುದರ ಒಳಗೆ ಒಂದು ಪಟಪಟ ಸೇರಿತು, ಮುಗಿದುಹೋಗಿ ಬಾಲ ಬಿಚ್ಚಿಕೊಂಡ ಫಿಲ್ಮು ಬಡಿದುಕೊಳ್ಳುವ ಸದ್ದು. ಊರಿನವರಿಗೆ ಅದೂ ಒಂದು ಸದ್ದು, ಇದೂ ಒಂದು ಸದ್ದು. ತಮ್ಮಯ್ಯನವರು ಒಂದು ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ನನ್ನ ಕಡೆಗೆ ತಲೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ನಾನು ಬೇಡ, ನಿಲ್ಲಿಸಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರ ಬೆರಳು ಗುಂಡಿಯ ಮೇಲೇ ಉಳಿಯಿತು.

ಆಗ ಅವ್ವ ಹೆಂಗಸರ ಗುಂಪಿನಿಂದ ಹೊರಗೆ ಬಂದಳು. ಯಾರೂ ತಡೆಯುವಷ್ಟರಲ್ಲಿ ಚಿಕ್ಕಸಿದ್ದಯ್ಯನನ್ನು ಮೊಣಕೈಯಿಂದ ಅತ್ತ ನೂಕಿ, ಚಟ್ಟದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಆಸ್ಪತ್ರೆಯ ಚೀಟಿ ಬರೆಸುವಾಗಲೂ 'ಇಂದ್ರನ ಅಪ್ಪ' ಎಂದು ಹೇಳಿ, ಗುಮಾಸ್ತ ಗದರಿದಾಗ ನನ್ನನ್ನು ಮುಂದೆ ತಳ್ಳಿದವಳು ಅವಳು.

"ಅಂದಾನಯ್ಯ," ಎಂದಳು ಅವ್ವ, ಹಾಲು ಕರೆಯಲು ಎಬ್ಬಿಸುವಷ್ಟೇ ಸಾಮಾನ್ಯವಾದ ದನಿಯಲ್ಲಿ. "ಅಂದಾನಯ್ಯ, ಏಳು ಮ್ಯಾಕ್ಕೆ. ಹೊತ್ತಾಯ್ತು."

ಹೊದಿಕೆ ಸರ್ರನೆ ಹಿಂದಕ್ಕೆ ಹೋಯಿತು. ಅಪ್ಪ ಎದ್ದು ಕೂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ, ಬಾಯಿ ತೆರೆದುಕೊಂಡು, ಅವ್ವನನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ.

"ಓ," ಎಂದ. ಆಮೇಲೆ, "ಏನಂದೆ ನೀನು?"

ಹೊತ್ತ ನಾಲ್ವರು ಓಡಬೇಕೆಂದು ಡೈರೆಕ್ಟರು ಹಿಂದೆಯೇ ಹೇಳಿಕೊಟ್ಟಿದ್ದರು. ಮೂವರು ಹೇಳಿಕೊಟ್ಟಂತೆ ಓಡಿದರು. ನಾಲ್ಕನೆಯವನು ನಿಜವಾಗಿಯೇ ಓಡಿ ನಾಲೆಗೆ ಬಿದ್ದ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು. ಈಗ ಎಷ್ಟು ಕೇಳಿದರೂ ಇನ್ನೊಂದು ಸಲ ಹೇಳುವವಳಲ್ಲ.

"ಮೂರ್ನೇ ಕೂಗಿಗೇ ಎದ್ದಿರಾದು," ಎಂದ ಚಿಕ್ಕಸಿದ್ದಯ್ಯ, ಸುತ್ತ ನೋಡುತ್ತ. "ವಸಿ ತಡ ಆಯ್ತು. ಅಷ್ಟೇಯ."

"ಓ ಅಂದ," ಎಂದಳು ಅಜ್ಜಿ ನೆಲದಿಂದಲೇ. "ನಾನು ಕೇಳ್ಸ್ಕೊಂಡೆ. ಓ ಅಂದ." ಅಷ್ಟು ಹೇಳಿ ಮೂಗು ಒರೆಸಿಕೊಂಡಳು.

ಕ್ಯಾಮೆರಾ ಇನ್ನೂ ಪಟಪಟ ಎನ್ನುತ್ತಿತ್ತು. ತಮ್ಮಯ್ಯನವರು ಬೆರಳು ತೆಗೆದರು. ಅಪ್ಪ ಅವರ ಕಡೆಗೆ ತಿರುಗಿ, ಪರೀಕ್ಷೆ ಬರೆದ ಹುಡುಗನ ಹಾಗೆ ಕೇಳಿದ: "ಸರಿಯಾಗಿ ಬಂತಾ ಸ್ವಾಮಿ?"

ತಮ್ಮಯ್ಯನವರು ಕೆಂಪು ಗಾಜನ್ನು ತೆಗೆದು ಪಂಚೆಯಂಚಿನಲ್ಲಿ ಒರೆಸಿದರು.

"ಬಂತು ಯಜಮಾನ್ರೆ."

ಅಪ್ಪ ನನ್ನ ಮುಖ ನೋಡಿದ. ನಾನು ನೆಟ್ಟಗೆ ಅವನನ್ನೇ ನೋಡಿ, ಬಂತು ಅಪ್ಪ ಎಂದೆ. ಅವನು ಇನ್ನೂ ಒಂದು ಗಳಿಗೆ ನೋಡಿದ. ಏನು ಕಂಡನೋ ಗೊತ್ತಿಲ್ಲ. ಆಮೇಲೆ ಚಟ್ಟದಿಂದ ಒಂದು ಕಾಲು ಇಳಿಸಿದ, ಇನ್ನೊಂದು ಕಾಲು ಇಳಿಸಿದ, ನನ್ನ ಭುಜ ಹಿಡಿದುಕೊಂಡು ಎದ್ದು ನಿಂತು ಊರಿನ ಕಡೆ ನಡೆದ.